ಆಲಮಟ್ಟಿ ಹಿನ್ನೀರಿನ ಚಿಪ್ಪು, ನಾರ್ವೆಯ ಹವಳ

ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ ಪಾಠದಲ್ಲಿ ಸುಣ್ಣದ ತಿಳಿನೀರಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವ ಪ್ರಯೋಗ ಇದೆ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ. ಅನಿಲ ಬಿಡುತ್ತಲೇ ಇದ್ದರೆ ಆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಬಾಗಲಕೋಟೆಯ ನಮ್ಮ ಶಾಲೆಯಲ್ಲಿ ಕಡಲಿನ ಆಮ್ಲೀಕರಣ, ಅಂದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಕಡಲ ನೀರು ಆಮ್ಲದ ಕಡೆಗೆ ಸರಿಯುವುದನ್ನು, ಹೇಳಿಕೊಡಲು ನಾನು ಹಿಡಿದದ್ದು ಈ ಎರಡನೇ ಅರ್ಧವನ್ನು.

ಬಾಯಿಂದ ಊದಿದರೆ ಇದು ಸುಲಭಕ್ಕೆ ಆಗುವುದಿಲ್ಲ. ಮಕ್ಕಳು ಸುಸ್ತಾಗುತ್ತಾರೆ, ಯಾರಾದರೂ ಸುಣ್ಣದ ನೀರು ಹೀರಿಕೊಳ್ಳುವ ಭಯ ಬೇರೆ. ಎಲೆ-ಅಡಿಕೆಯ ಸುಣ್ಣವನ್ನು ನೀರಿಗೆ ಕಲಸಿ ರಾತ್ರಿಯಿಡೀ ಬಿಡಿ. ಮೇಲಿನ ತಿಳಿ ಬಸಿದು, ಅಷ್ಟೇ ಶುದ್ಧ ನೀರು ಬೆರೆಸಿ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ, ಬರುವ ಅನಿಲವನ್ನು ನಳಿಕೆಯಿಂದ ಅದಕ್ಕೆ ಬಿಡಿ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೆಳ್ಳಗಾಗುತ್ತದೆ, ಆಮೇಲೆ ಬೈಕಾರ್ಬೊನೇಟ್ ಆಗಿ ಕರಗುತ್ತದೆ. ಆ ತಿಳಿಯನ್ನು ಕಾಯಿಸಿದರೆ ಅನಿಲ ಹೋಗಿ ಮತ್ತೆ ಬಿಳುಪು. ನಮ್ಮ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಕ್ಕಳೆ ಇದೇ. ಬಿಸಿ ನೀರು ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳಲ್ಲ, ತಣ್ಣೀರು ಹಿಡಿದಿಟ್ಟುಕೊಳ್ಳುತ್ತದೆ. ಇದು ಮನಸ್ಸಿಗೆ ಕೂತರೆ ಮುಂದಿನ ಪಾಠಕ್ಕೆ ಕಷ್ಟವಿಲ್ಲ.

ಹವಳ ಅಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಉಂಗುರದ ಕೆಂಪು ಹರಳು, ಇಲ್ಲವೇ ಟಿವಿಯಲ್ಲಿ ಕಾಣುವ ಬಣ್ಣಬಣ್ಣದ ದಿಬ್ಬ. ಕತ್ತಲಲ್ಲೂ ಹವಳ ಬೆಳೆಯುತ್ತದೆ ಅಂದರೆ ನಂಬುವುದಿಲ್ಲ. ಲೋಫೀಲಿಯಾ ಅನ್ನುವ ಹವಳ 4ರಿಂದ 12 ಡಿಗ್ರಿ ಚಳಿನೀರಿನಲ್ಲಿ ಬದುಕುತ್ತದೆ. ಅದಕ್ಕೆ ಬಿಸಿಲು ಬೇಡ, ಒಳಗೆ ಪಾಚಿಯ ಸಹವಾಸವೂ ಇಲ್ಲ. ತೇಲಿ ಬಂದ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. 2002ರಲ್ಲಿ ನಾರ್ವೆಯ ರೋಸ್ಟ್ ದ್ವೀಪದ ಬಳಿ 300ರಿಂದ 400 ಮೀಟರ್ ಆಳದಲ್ಲಿ ಸಿಕ್ಕ ದಿಬ್ಬದ ಉದ್ದ ಸುಮಾರು 35 ಕಿಲೋಮೀಟರ್. ಇಂಥ ದಿಬ್ಬ ಏಳಲು ಸಾವಿರಾರು ವರ್ಷ ಬೇಕು.

ಪ್ರತಿ ವರ್ಷ ಬರುವ ಪ್ರಶ್ನೆ ಒಂದಿದೆ. ಕಡಲಿನ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ ಅಷ್ಟೇ, ಅದು ಇನ್ನೂ ಪ್ರತ್ಯಾಮ್ಲವೇ ಅಲ್ವಾ ಸರ್? ಹೌದು, ಪ್ರತ್ಯಾಮ್ಲವೇ, ಪಿಎಚ್ 7ಕ್ಕಿಂತ ಕೆಳಗಿಳಿದರೆ ಮಾತ್ರ ಆಮ್ಲ. ಆದರೆ ಪಿಎಚ್ ಮಾಪನದಲ್ಲಿ ಆ 0.1 ಅಂದರೆ ಹೈಡ್ರೋಜನ್ ಅಯಾನು ಕಾಲು ಭಾಗಕ್ಕಿಂತ ಜಾಸ್ತಿಯಾಗಿದೆ ಅಂತ. ಅವು ನೀರಲ್ಲಿರುವ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತವೆ. ಹವಳಕ್ಕೆ ಅಸ್ಥಿಪಂಜರ ಕಟ್ಟಲು ಬೇಕಾದದ್ದೇ ಆ ಕಾರ್ಬೊನೇಟ್. ಆಳದ ತಣ್ಣೀರಿನಲ್ಲಿ ಅದು ಮೊದಲೇ ಕಮ್ಮಿ. ಒಂದು ಆಳ ದಾಟಿದರೆ ಹವಳದ ಸುಣ್ಣ ತಾನಾಗಿ ಕರಗುತ್ತದೆ. ಆ ಗಡಿ ಈಗ ಮೇಲಕ್ಕೆ ಬರುತ್ತಿದೆ.

ಇನ್ನು ಚಿಪ್ಪಿನ ವಿಷಯ. ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಸರಿದಾಗ ಕೆಸರಲ್ಲಿ ಕಪ್ಪೆಚಿಪ್ಪು ಸಿಗುತ್ತವೆ. ಈ ಸಿಹಿನೀರಿನ ಚಿಪ್ಪು ಅರಾಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳು ರೂಪ, ಲೋಫೀಲಿಯಾದ ಅಸ್ಥಿಪಂಜರವೂ ಅದೇ. ಮೊಟ್ಟೆಯ ಸಿಪ್ಪೆ ಹಾಗಲ್ಲ, ಅದು ಕ್ಯಾಲ್ಸೈಟ್ ಅನ್ನುವ ಇನ್ನೊಂದು ರೂಪ. ಅದಕ್ಕೇ ನನಗೆ ಚಿಪ್ಪೇ ಇಷ್ಟ. ಅದರ ಹೊರಗೆ ಕಂದು ಬಣ್ಣದ ತೆಳ್ಳನೆ ಪೊರೆ ಇರುತ್ತದೆ. ಅರ್ಧ ಭಾಗದ ಪೊರೆಯನ್ನು ಮರಳುಕಾಗದದಿಂದ ಉಜ್ಜಿ ತೆಗೆಯುತ್ತೇವೆ. ಮುಚ್ಚಳದ ಬಾಟಲಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ, ಕುಡಿಯುವ ಸಾದಾ ಸೋಡಾ ಸುರಿದು ಚಿಪ್ಪು ಮುಳುಗಿಸಿ, ದಿನಾ ಹೊಸ ಸೋಡಾ ಹಾಕುತ್ತೇವೆ. ಕೆಲವು ದಿನಕ್ಕೆ ಉಜ್ಜಿದ ಭಾಗ ಬಳಪದಂತಾಗುತ್ತದೆ, ಬೆರಳಿಗೆ ಬಿಳಿ ಪುಡಿ ಹತ್ತುತ್ತದೆ. ಪೊರೆ ಇರುವ ಭಾಗ ಹಾಗೇ ಇರುತ್ತದೆ. ಉಗುರು ಎಳೆದರೆ ನಡುವಿನ ಗೆರೆಗೆ ಸಿಕ್ಕಿಕೊಳ್ಳುತ್ತದೆ. ಸೋಡಾದ ಪಿಎಚ್ ಸುಮಾರು 4, ಕಡಲು ಎಂದೂ ಅಲ್ಲಿಗೆ ಇಳಿಯಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಸೋಡಾ ಬೇಕಾದದ್ದು ಬೇಗ ಕಾಣಲಿ ಅಂತ ಅಷ್ಟೇ.

ಆ ಗೆರೆ ನೋಡಿದ ಮೇಲೆ ಸಂಶೋಧನೆಯ ಮಾತು ಹೇಳಬಹುದು. ಜರ್ಮನಿಯ ಕೀಲ್ ನಗರದ ವಿಜ್ಞಾನಿಗಳು ಲೋಫೀಲಿಯಾವನ್ನು ಹೆಚ್ಚು ಕಾರ್ಬನ್ ಡೈಆಕ್ಸೈಡ್ ಇರುವ ನೀರಲ್ಲಿ ಇಟ್ಟು ನೋಡಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವಾರದ ಪ್ರಯೋಗದಲ್ಲಿ ಬೆಳವಣಿಗೆ ಕಾಲು ಭಾಗಕ್ಕಿಂತ ಜಾಸ್ತಿ ಕುಗ್ಗಿತು. ಆರು ತಿಂಗಳ ಪ್ರಯೋಗದಲ್ಲಿ ಮಾತ್ರ ಹವಳ ಹೊಂದಿಕೊಂಡಿತು. ಜೀವ ಇರುವ ಹವಳ ಸುಣ್ಣ ಕಟ್ಟುವ ಜಾಗದಲ್ಲಿ ಪಿಎಚ್ ಏರಿಸಿಕೊಳ್ಳಬಲ್ಲದು, ಮೇಲೆ ಮಾಂಸದ ಹೊದಿಕೆಯೂ ಇದೆ.

ಇಷ್ಟು ಹೇಳಿದರೆ ಮುಂದಿನ ಬೆಂಚಿನಿಂದ ಮಾತು ಬಂದೇ ಬರುತ್ತದೆ: ಹಾಗಾದ್ರೆ ಚಿಂತೆ ಯಾಕೆ ಸರ್? ಜೀವ ಇರುವುದು ತುದಿಯಲ್ಲಿ ಮಾತ್ರ, ಅದಕ್ಕೇ ಚಿಂತೆ. ಕೆಳಗಿನದೆಲ್ಲ ಸತ್ತ ಹವಳದ ಬೋಳು ಕೊಂಬೆ, ನಾವು ಉಜ್ಜಿದ ಅರ್ಧದ ಪಾಡೇ ಅದರದ್ದು. ಅದು ಕರಗಿ ತೂತಾಗಿ ಟೊಳ್ಳಾಗುತ್ತದೆ, ಮೇಲಿನ ಭಾರ ತಡೆಯದೆ ಮುರಿಯುತ್ತದೆ. ಮೀನು, ಏಡಿ ಅಡಗುವುದು ಆ ಕೊಂಬೆಗಳ ಸಂದಿಯಲ್ಲೇ. ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲಲ್ಲಿ ಈಗಾಗಲೇ ಹವಳದ ಸುಣ್ಣ ಕರಗಿಸುವಂಥ ನೀರಿದೆ. ಅಲ್ಲಿ ಜೀವಂತ ಲೋಫೀಲಿಯಾ ಸಿಗುತ್ತದೆ, ನಾರ್ವೆಯಂಥ ದಿಬ್ಬ ಮಾತ್ರ ಇಲ್ಲ.