ಕೊನೆಯ ಸಲ ನೀರು ಕುಡಿದಿದ್ದು ಯಾವಾಗ? ನಮ್ಮ ವಾರ್ಡಿನಲ್ಲೇ ಮಾಡಿದ ಒಂದು ಸಣ್ಣ ಸಂಶೋಧನೆ

ಆಸ್ಪತ್ರೆಯಲ್ಲಿ ಸಂಶೋಧನೆ ಅಂದರೆ ಜನ ಹೊಸ ಔಷಧಿ, ದೊಡ್ಡ ಲ್ಯಾಬು, ಬಿಳಿ ಇಲಿ ಅಂತೆಲ್ಲ ಅಂದುಕೊಳ್ಳುತ್ತಾರೆ. ನಾನು ಅರಿವಳಿಕೆ ಕೊಡುವ ಡಾಕ್ಟರ್. ನಾವು ಮಾಡಿದ್ದರಲ್ಲಿ ರೋಗಿಗಳಿಗೆ ತುಂಬಾ ಉಪಯೋಗಕ್ಕೆ ಬಂದ ಸಂಶೋಧನೆಗೆ ಬೇಕಾಗಿದ್ದು ಒಂದು ಹಾಳೆ, ಒಂದು ಪೆನ್ನು, ಗೋಡೆ ಮೇಲಿನ ಗಡಿಯಾರ, ಅಷ್ಟೇ. ಪ್ರಶ್ನೆಯೂ ಒಂದೇ: ಆಪರೇಷನ್‌ಗೆ ಬಂದವರು ಕೊನೆಯ ಸಲ ನೀರು ಕುಡಿದು ಎಷ್ಟು ಹೊತ್ತಾಯಿತು?

ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು ಅನ್ನುವುದು ಸುಮ್ನೆ ಮಾಡಿದ ಕಟ್ಟಳೆ ಅಲ್ಲ. ಅರಿವಳಿಕೆ ಕೊಟ್ಟಾಗ ಕೆಮ್ಮುವ, ನುಂಗುವ ಶಕ್ತಿ ಹೋಗುತ್ತದೆ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಅನ್ನುವ ವೈದ್ಯರು 44,016 ಗರ್ಭಿಣಿಯರ ದಾಖಲೆ ನೋಡಿ, ಅವರಲ್ಲಿ 66 ಜನರಿಗೆ ಹೀಗಾಗಿದ್ದನ್ನು ಬರೆದರು. ಆಮೇಲೆ ‘ರಾತ್ರಿ ಹನ್ನೆರಡರಿಂದ ಏನೂ ಬೇಡ’ ಅನ್ನುವುದು ನಿಧಾನವಾಗಿ ಎಲ್ಲ ಕಡೆ ಕಾಯಂ ಆಯಿತು. ಅನ್ನಕ್ಕೂ ಅದೇ, ನೀರಿಗೂ ಅದೇ. ಆದರೆ ನೀರು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಸುಮಾರು 10–20 ನಿಮಿಷದಲ್ಲಿ ಕರುಳಿಗೆ ಇಳಿದಿರುತ್ತದೆ. ಎರಡು ಮೂರು ಗಂಟೆ ಮುಂಚೆ ನೀರು ಕೊಟ್ಟು ಹೊಟ್ಟೆಯಲ್ಲಿ ಉಳಿದಿದ್ದನ್ನು ಅಳೆದ ಅಧ್ಯಯನಗಳು ಎಂಬತ್ತರ ದಶಕದಲ್ಲೇ ಬಂದವು. ಉಪವಾಸ ಇದ್ದವರಿಗಿಂತ ಜಾಸ್ತಿಯೇನೂ ಇರಲಿಲ್ಲ. 1999ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಇದನ್ನೇ ಮಾರ್ಗಸೂಚಿ ಮಾಡಿತು: ನೀರು, ತಿರುಳಿಲ್ಲದ ಹಣ್ಣಿನ ರಸ, ಹಾಲಿಲ್ಲದ ಟೀ ಕಾಫಿ ಇಂಥ ತಿಳಿ ಪಾನೀಯಕ್ಕೆ ಎರಡು ಗಂಟೆ, ಎದೆಹಾಲಿಗೆ ನಾಲ್ಕು, ಹಗುರ ಊಟಕ್ಕೆ ಆರು.

ಇದು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಪರೀಕ್ಷೆಗೆ ಓದಿದ್ದೇವೆ, ಪಾಠ ಮಾಡುತ್ತೇವೆ. ಆದರೂ ಥಿಯೇಟರ್ ಬಾಗಿಲಲ್ಲಿ ತುಟಿ ಒಣಗಿ, ತಲೆ ಹಿಡಿದುಕೊಂಡು ಮಲಗಿದ ರೋಗಿಗಳೇ ಕಾಣುತ್ತಿದ್ದರು. ‘ಎರಡು ಗಂಟೆ ಅಂತ ನಿಯಮ ಇದೆಯಲ್ಲ, ಹಾಗೇ ನಡೀತಾ ಇರಬೇಕು’ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅಳೆದು ನೋಡಿದವರು ಯಾರೂ ಇರಲಿಲ್ಲ.

ಮೊದಲ ಕೆಲಸ ಎಥಿಕ್ಸ್ ಕಮಿಟಿಗೆ ಅರ್ಜಿ. ಔಷಧಿ ಕೊಡುತ್ತಿಲ್ಲ, ರಕ್ತ ತೆಗೆಯುತ್ತಿಲ್ಲ, ಇದಕ್ಕೂ ಅನುಮತಿ ಬೇಕಾ ಎಂದು ಕೆಲವರು ಗೊಣಗಿದರು. ಬೇಕೋ ಬೇಡವೋ ಎಂದು ಹೇಳಬೇಕಾದವರು ಕಮಿಟಿಯವರು, ನಾವಲ್ಲ. ಅವರು ಕೇಳಿದ ಒಂದು ಪ್ರಶ್ನೆ ನಿಜವಾಗಿಯೂ ಸಹಾಯ ಮಾಡಿತು: ‘ಉಪವಾಸದ ಸಮಯ ಅಂದರೆ ಎಲ್ಲಿಂದ ಎಲ್ಲಿಗೆ?’ ಆಪರೇಷನ್ ಶುರು ಅಂದರೆ ಸರ್ಜನ್‌ಗೆ ಚರ್ಮ ಕೊಯ್ದ ಹೊತ್ತು, ನರ್ಸ್‌ಗೆ ರೋಗಿ ವಾರ್ಡ್ ಬಿಟ್ಟ ಹೊತ್ತು, ನನಗೆ ಅರಿವಳಿಕೆ ಔಷಧಿ ನರಕ್ಕೆ ಹೋದ ಹೊತ್ತು. ಅಪಾಯ ಶುರುವಾಗುವುದು ಅಲ್ಲಿಂದಲೇ ಆದ್ದರಿಂದ ಅದನ್ನೇ ಇಟ್ಟುಕೊಂಡೆವು. ಇಂಥದ್ದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಲೆಕ್ಕ ಹಾಕುವಾಗ ತಮಗೆ ಬೇಕಾದ ಹಾಗೆ ಎಳೆದುಕೊಳ್ಳಬಹುದು, ಅಲ್ವಾ?

ಕೇಸ್ ಶೀಟ್ ನೋಡಿದರೆ ಸಾಕು ಅನ್ನಿಸುತ್ತದೆ. ಸಾಲದು. ಶೀಟ್ ತೆಗೆದರೆ ಒಂದಾದ ಮೇಲೊಂದು ಎಲ್ಲದರಲ್ಲೂ ‘ರಾತ್ರಿ 12ರಿಂದ ಎನ್‌ಪಿಒ’ (ಬಾಯಿಗೆ ಏನೂ ಕೊಡಬೇಡಿ ಅಂತ ಅರ್ಥ), ಒಂದೇ ಪೆನ್ನು, ಒಂದೇ ಕೈಬರಹ. ಅದು ರೋಗಿ ಏನು ಮಾಡಿದರು ಅನ್ನುವ ದಾಖಲೆ ಅಲ್ಲ, ನಾವು ಏನು ಹೇಳಿದೆವು ಅನ್ನುವ ದಾಖಲೆ. ಅದಕ್ಕೇ ರೋಗಿಯನ್ನೇ ಕೇಳಿದೆವು. ‘ಎಷ್ಟು ಹೊತ್ತಿಂದ ಏನೂ ತಗೊಂಡಿಲ್ಲ?’ ಎಂದರೆ ಎಲ್ಲರೂ ಬಾಯಿಪಾಠದಂತೆ ಹನ್ನೆರಡು ಎನ್ನುತ್ತಿದ್ದರು, ಬೈಗುಳ ಬೀಳಬಹುದೆಂಬ ಭಯ. ‘ನಿನ್ನೆ ರಾತ್ರಿ ಊಟ ಎಷ್ಟೊತ್ತಿಗೆ ಮುಗೀತು, ಮಲಗೋಕೆ ಮುಂಚೆ ನೀರು ಕುಡಿದ್ರಾ, ಬೆಳಿಗ್ಗೆ ಮಾತ್ರೆ ನುಂಗೋಕೆ ಒಂದು ಗುಟುಕು?’ ಹೀಗೆ ಕೇಳಿದಾಗ ಬೇರೆಯೇ ಉತ್ತರ ಬಂತು. ರಾತ್ರಿ ಎಂಟಕ್ಕೆ ಊಟದ ಜೊತೆ ಕುಡಿದದ್ದೇ ಕೊನೆ ಎಂದವರು ಬಹಳ. ಹನ್ನೆರಡಕ್ಕೆ ಎದ್ದು ಕೂತು ಯಾರು ನೀರು ಕುಡಿಯುತ್ತಾರೆ? ಅಂಥವರು ಆ ದಿನದ ಆಪರೇಷನ್ ಪಟ್ಟಿಯಲ್ಲಿ ಕೊನೆಯವರಾಗಿದ್ದರೆ ಮಧ್ಯಾಹ್ನದವರೆಗೆ ಬಾಯಿ ಒಣಗಿಸಿಕೊಂಡೇ ಕೂರಬೇಕು.

ಇನ್ನೊಂದು ತೊಡಕು ಇತ್ತು. ನೋಡುತ್ತಿದ್ದಾರೆ ಎಂದು ಗೊತ್ತಾದರೆ ಜನ ಸರಿಯಾಗಿ ಕೆಲಸ ಮಾಡುತ್ತಾರೆ. ಅಧ್ಯಯನ ನಡೆಯುತ್ತಿದೆ ಎಂದು ವಾರ್ಡಿಗೆ ಹೇಳಿದೆವು, ಆದರೆ ಕಮಿಟಿಯ ಒಪ್ಪಿಗೆ ಪಡೆದು ಯಾವ ದಿನ ಬರೆದುಕೊಳ್ಳುತ್ತೇವೆ ಎಂದು ಹೇಳಲಿಲ್ಲ. ಸರಾಸರಿ ತೆಗೆಯಲಿಲ್ಲ, ಎಲ್ಲರ ಗಂಟೆಗಳನ್ನು ಸಾಲಾಗಿಟ್ಟು ನಟ್ಟನಡುವಿನದನ್ನು ತೆಗೆದುಕೊಂಡೆವು. ಒಬ್ಬಿಬ್ಬರ ವಿಪರೀತ ಉಪವಾಸದಿಂದ ಅದು ಅಲುಗಾಡುವುದಿಲ್ಲ. ಬಂದ ಸಂಖ್ಯೆ ಎರಡು ಗಂಟೆಯ ಹತ್ತಿರ ಕೂಡ ಇರಲಿಲ್ಲ. ಮೀಟಿಂಗಿನಲ್ಲಿ ತೋರಿಸಿದಾಗ ವಾದ ಮಾಡೋಣ ಎಂದು ಬಂದವರೂ ಸುಮ್ಮನಾದರು.

ಯಾಕೆ ಹೀಗೆ ಎಂದು ಹುಡುಕುವುದೇ ಸಂಶೋಧನೆಯ ಒಳ್ಳೆಯ ಭಾಗ, ನನ್ನ ಮಟ್ಟಿಗೆ. ನರ್ಸ್‌ಗಳಿಗೆ ನಿಯಮ ಗೊತ್ತಿರಲಿಲ್ಲ ಎಂದು ಕೆಲವರು ಮೊದಲೇ ತೀರ್ಪು ಕೊಟ್ಟಿದ್ದರು. ಕೂತು ಮಾತಾಡಿದರೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಸಮಸ್ಯೆ ಪಟ್ಟಿಯದು. ಮೂರನೆಯವರು ಇದ್ದಕ್ಕಿದ್ದಂತೆ ಮೊದಲನೆಯವರಾಗುತ್ತಾರೆ. ಅರ್ಧ ಗಂಟೆ ಮುಂಚೆ ನೀರು ಕೊಟ್ಟಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಬೈಗುಳ ತಿನ್ನುವುದು ನೀರು ಕೊಟ್ಟ ನರ್ಸ್. ಕೊಡದೆ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ನಾನೇ ಆ ಜಾಗದಲ್ಲಿದ್ದರೂ ಕೊಡುತ್ತಿರಲಿಲ್ಲ. ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಆಯಾ ಆಸ್ಪತ್ರೆಯಲ್ಲೇ ಕೇಳಿ ತಿಳಿಯಬೇಕು.

ಹಾಗಾಗಿ ತರಬೇತಿ, ಪೋಸ್ಟರ್ ಎಲ್ಲ ಬದಿಗಿಟ್ಟೆವು. (ಗೋಡೆಗೆ ಪೋಸ್ಟರ್ ಅಂಟಿಸುವುದು ಏನೋ ಮಾಡಿದೆವು ಅನ್ನಿಸಿಕೊಳ್ಳಲು ಇರುವ ಅತಿ ಸುಲಭದ ದಾರಿ.) ಬದಲಾಗಿ, ನೀರು ಕೊಡುವ ತೀರ್ಮಾನ ಥಿಯೇಟರಿನದು ಮಾಡಿದೆವು. ಬೆಳಿಗ್ಗೆ ಪಟ್ಟಿ ನಿಕ್ಕಿಯಾದ ತಕ್ಷಣ ನಮ್ಮವರೊಬ್ಬರು ವಾರ್ಡಿಗೆ ಫೋನ್ ಮಾಡಿ, ಯಾವ ಬೆಡ್‌ನವರಿಗೆ ಎಷ್ಟು ಗಂಟೆವರೆಗೆ ನೀರು ಕೊಡಬಹುದು ಎಂದು ಹೇಳುತ್ತಾರೆ. ಹೇಳಿದವರ ಹೆಸರು, ಹೊತ್ತು ಶೀಟಿನಲ್ಲಿ ಬರೆಯಲಾಗುತ್ತದೆ. ಪಟ್ಟಿ ಬದಲಾದರೆ ಹೊಣೆ ನಮ್ಮದು. ಎಲ್ಲರಿಗೂ ಇದು ಹೊಂದುವುದಿಲ್ಲ. ಕರುಳು ಕಟ್ಟಿಕೊಂಡವರು, ತುರ್ತು ಆಪರೇಷನ್‌ನವರು, ಸಕ್ಕರೆ ಕಾಯಿಲೆಯಿಂದ ಹೊಟ್ಟೆಯ ಚಲನೆ ನಿಧಾನವಾದವರು, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುವ ಸೆಮಾಗ್ಲುಟೈಡ್‌ನಂಥ ಸಕ್ಕರೆ ಕಾಯಿಲೆ, ತೂಕ ಇಳಿಸುವ ಔಷಧಿ ತಗೊಳ್ಳುವವರು, ಇವರದ್ದು ಒಬ್ಬೊಬ್ಬರಿಗೂ ಬೇರೆ ಲೆಕ್ಕ. ಇಂಥವರು ಯಾರ್ಯಾರು ಎಂಬ ಪಟ್ಟಿ ಫೋನಿನ ಪಕ್ಕದಲ್ಲೇ ಇರುತ್ತದೆ.

ಮತ್ತೆ ಅಳೆದೆವು. ಮೊದಲ ವಾರಗಳಲ್ಲಿ ಸಂಖ್ಯೆ ಸರಸರ ಇಳಿಯಿತು, ಹೊಸ ಬ್ಯಾಚ್ ಡಾಕ್ಟರುಗಳು ಬಂದಾಗ ಏರಿತು, ಫೋನ್ ಮಾಡುವ ಕೆಲಸವನ್ನು ಡ್ಯೂಟಿ ಪಟ್ಟಿಗೇ ಸೇರಿಸಿದ ಮೇಲೆ ಮತ್ತೆ ಇಳಿದು ನಿಂತಿತು. ಒಂದು ಸಲ ಮುಂಚೆ, ಒಂದು ಸಲ ಆಮೇಲೆ ಅಂತ ಎರಡೇ ಸಲ ಅಳೆದಿದ್ದರೆ ಈ ಏರಿಳಿತ ಕಾಣುತ್ತಲೇ ಇರಲಿಲ್ಲ. ವಾರ ವಾರದ ಚುಕ್ಕೆಗಳನ್ನು ಗ್ರಾಫ್ ಹಾಳೆಯಲ್ಲಿ ಇಟ್ಟಿದ್ದರಿಂದ ಕಂಡಿತು. ನೀರು ಕುಡಿದ ಕಾರಣಕ್ಕೆ ಆಪರೇಷನ್ ಮುಂದೆ ಹೋಗಿದ್ದೆಷ್ಟು ಎಂಬುದನ್ನೂ ಜೊತೆಗೇ ಎಣಿಸಿದೆವು, ಸರ್ಜನ್‌ಗಳ ಚಿಂತೆ ಅದೇ ಆಗಿತ್ತಲ್ಲ.

‘ನೀರು ಕೊಟ್ಟರೂ ಯಾರಿಗೂ ಏನೂ ಆಗಲಿಲ್ಲ, ಸುರಕ್ಷಿತ ಎಂದು ಸಾಬೀತು ಮಾಡಿದ್ರಿ’ ಎಂದು ಒಬ್ಬರು ಬೆನ್ನು ತಟ್ಟಿದರು. ಇಲ್ಲ, ಮಾಡಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ 1993ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 2,15,488 ಅರಿವಳಿಕೆಗಳಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದಿದ್ದು 67 ಸಲ, ಅಂದರೆ ಸುಮಾರು 3,216ಕ್ಕೆ ಒಂದು. ಇಷ್ಟು ಅಪರೂಪದ ಅಪಾಯದ ಬಗ್ಗೆ ನಮ್ಮ ಒಂದು ವಾರ್ಡಿನ ಅಧ್ಯಯನ ಏನೂ ಹೇಳಲಾರದು. ಸಣ್ಣ ಸಂಖ್ಯೆ ಎಷ್ಟು ಮೋಸ ಮಾಡಬಲ್ಲದು ಎನ್ನುವುದಕ್ಕೆ ತಲೆಗೆ ಪೆಟ್ಟಾದವರಿಗೆ ಕೊಡುತ್ತಿದ್ದ ಸ್ಟೀರಾಯ್ಡ್ ನೋಡಿ. ದಶಕಗಳ ಕಾಲ ಅನೇಕ ಕಡೆ ಕೊಟ್ಟರು, ಸಣ್ಣ ಅಧ್ಯಯನಗಳು ಅತ್ತಲೂ ಇಲ್ಲ ಇತ್ತಲೂ ಇಲ್ಲ. 2004ರಲ್ಲಿ ಹತ್ತು ಸಾವಿರ ರೋಗಿಗಳ ‘ಕ್ರ್ಯಾಶ್’ ಅಧ್ಯಯನ ಬಂದಾಗ, ಕೊಟ್ಟವರಲ್ಲಿ ಸಾವು ಜಾಸ್ತಿ ಎಂದು ಗೊತ್ತಾಯಿತು. ನೀರು ಸುರಕ್ಷಿತವೇ ಎಂಬ ಪ್ರಶ್ನೆಗೆ ಉತ್ತರ ದೊಡ್ಡ ಅಧ್ಯಯನಗಳದು. ಆ ಉತ್ತರ ನಮ್ಮ ಬೆಡ್‌ವರೆಗೆ ತಲುಪಿದೆಯೇ ಎನ್ನುವುದಷ್ಟೇ ನಮ್ಮ ಪ್ರಶ್ನೆ, ಅದನ್ನು ಹೊರಗಿನವರು ಬಂದು ಕೇಳುವುದಿಲ್ಲ.

ಈಗ ಹೊಸ ಪ್ರಶ್ನೆಗಳು ನಮ್ಮಿಂದಲ್ಲ, ವಾರ್ಡಿನಿಂದಲೇ ಬರುತ್ತಿವೆ. ಕೈಗೆ ಹಾಕಿದ ಡ್ರಿಪ್ ಸೂಜಿಯನ್ನು ಮೂರು ದಿನಕ್ಕೊಮ್ಮೆ ಬದಲಾಯಿಸಲೇಬೇಕಾ ಎಂದು ರಾತ್ರಿ ಪಾಳಿಯ ನರ್ಸ್ ಒಬ್ಬರು ಕೇಳಿದರು. ನರ ಸಿಗದ ಮುದುಕರಿಗೆ ಮತ್ತೆ ಮತ್ತೆ ಚುಚ್ಚಿ ಅವರಿಗೆ ಸಾಕಾಗಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನ ಎಣಿಸಿ ಬದಲಾಯಿಸಿದವರಲ್ಲೂ, ಊತ ನೋವು ಕಂಡಾಗ ಮಾತ್ರ ಬದಲಾಯಿಸಿದವರಲ್ಲೂ ನರದ ಉರಿಯೂತ ಒಂದೇ, ಶೇ. 7. ಆದರೆ ಅದು ಸೂಜಿ ಹಾಕಿದ ಜಾಗವನ್ನು ದಿನಾ ಕಣ್ಣಿಟ್ಟು ನೋಡುವ ಕಡೆ ನಡೆದದ್ದು. ನಮ್ಮಲ್ಲಿ ಹಾಗೆ ನೋಡುತ್ತೇವಾ? ಮೊದಲು ಅದನ್ನೇ ಎಣಿಸಬೇಕು ಎಂದು ಅರ್ಜಿ ಬರೆದಿದ್ದೇವೆ. ಈ ಸಲ ಮುಖ್ಯ ಸಂಶೋಧಕರ ಜಾಗದಲ್ಲಿ ಆ ನರ್ಸ್ ಹೆಸರಿದೆ.