ಅಲ್ಮಾಕ್ ಒಡೆದು ಎರಡಾದ ರಾತ್ರಿ

ಮೊದಲ ಸಲ ನೋಡಿದಾಗ ಅಲ್ಮಾಕ್ ಕಾದ ಎಣ್ಣೆಯಲ್ಲಿ ಬಿಟ್ಟ ಬೋಂಡದ ಹಾಗೆ ಕುದಿಯುತ್ತಿತ್ತು. ಜೋಡಿ ನಕ್ಷತ್ರ ಅಂತ ಓದಿದ್ದೆ. ನನಗೆ ಕಂಡಿದ್ದು ಒಂದು ಕಿತ್ತಳೆ ಉಂಡೆ ಮಾತ್ರ.

ನನ್ನದು ಆರು ಇಂಚಿನ ಕನ್ನಡಿ ಟೆಲಿಸ್ಕೋಪ್, ಜಾಗ ಬೆಂಗಳೂರಿನ ಮನೆಯ ತಾರಸಿ. ಡಿಸೆಂಬರ್ ಸಂಜೆ ಹುಡುಕುವುದು ಸುಲಭ. ಪೂರ್ವಾಭಾದ್ರ, ಉತ್ತರಾಭಾದ್ರದ ನಾಲ್ಕು ನಕ್ಷತ್ರ ಮಂಚದ ಕಾಲಿನಂತೆ ದೊಡ್ಡ ಚೌಕ ಮಾಡುತ್ತವೆ. ಅದರ ಈಶಾನ್ಯದ ಮೂಲೆಯಿಂದ ಹೊರಟರೆ ಆ ಮೂಲೆಯದೂ ಸೇರಿ ಒಂದೇ ಸಾಲಿನಲ್ಲಿ ಮೂರು, ಹೊಳಪೂ ಹೆಚ್ಚುಕಮ್ಮಿ ಒಂದೇ. ಮೂರನೆಯದು ಅಲ್ಮಾಕ್.

ಎರಡಾಗಿ ಕಾಣಲಿಲ್ಲ ಅಂತ 10 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿ 120 ಪಟ್ಟು ಹಿಗ್ಗಿಸಿದೆ. ಕುದಿತವೂ ಹಿಗ್ಗಿತು, ಅಷ್ಟೇ! ತಪ್ಪು ಎರಡು ಕಡೆ ಇತ್ತು. ಕನ್ನಡಿ ಆಗ ತಾನೇ ಕೋಣೆಯಿಂದ ಬಂದಿತ್ತು, ಇನ್ನೂ ಬೆಚ್ಚಗಿತ್ತು. ತಾರಸಿಯ ಕಾಂಕ್ರೀಟು ಇನ್ನೂ ಹಗಲಿನ ಬಿಸಿ ಉಗುಳುತ್ತಿತ್ತು. ಬಿಸಿಗೆ ಗಾಳಿ ನಡುಗಿದರೆ ನಕ್ಷತ್ರವೂ ನಡುಗುತ್ತದೆ.

ಮರುದಿನ ಏಳಕ್ಕೇ ಟೆಲಿಸ್ಕೋಪ್ ಹೊರಗಿಟ್ಟು ಸುಮ್ನೆ ಊಟಕ್ಕೆ ಹೋದೆ. ಒಂಬತ್ತಕ್ಕೆ ಬಂದಾಗ ಅಲ್ಮಾಕ್ ಉತ್ತರದಲ್ಲಿ ಚೆನ್ನಾಗಿ ಮೇಲೇರಿತ್ತು. 25 ಮಿ.ಮೀ. ಐಪೀಸ್, ಬರೀ 48 ಪಟ್ಟು. ಎರಡೂ ಬೇರೆಯಾಗಿ ನಿಂತಿದ್ದವು! ನಡುವಿನ ಅಂತರ ಹತ್ತು ಆರ್ಕ್ ಸೆಕೆಂಡಿಗೂ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್ ಸೆಕೆಂಡ್) ತುಸು ಕಮ್ಮಿ. ಫೋಕಸ್ ಒಂದು ಕೂದಲೆಳೆ ತಪ್ಪಿಸಿದರೆ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತದೆ. ಚುಕ್ಕಿ ಬಿಲ್ಲೆಯಾಗುತ್ತದೆ, ಕಣ್ಣಿಗೆ ಬಣ್ಣ ಹಿಡಿಯಲು ಜಾಗ ಸಿಗುತ್ತದೆ.

ಆ ಕಿತ್ತಳೆ ದೈತ್ಯ ಸೂರ್ಯನಿಗಿಂತ ಸುಮಾರು 80 ಪಟ್ಟು ಅಗಲ. ಊದಿಕೊಂಡು ಮೈ ತಣ್ಣಗಾಗಿದೆ, ಅದಕ್ಕೇ ಆ ಬಣ್ಣ. ಪಕ್ಕದ ನೀಲಿ ಚುಕ್ಕಿ ಒಂಟಿಯಲ್ಲ. 1842ರಲ್ಲಿ ಖಗೋಳ ವಿಜ್ಞಾನಿ ಒಟ್ಟೊ ಸ್ಟ್ರೂವೆ ಅದನ್ನೂ ಎರಡಾಗಿ ಕಂಡರು. ಆ ಎರಡರಲ್ಲಿ ಒಂದು ಮತ್ತೆ ಜೋಡಿ. ಅವು ಮೂರು ದಿನದೊಳಗೇ ಒಂದನ್ನೊಂದು ಸುತ್ತಿ ಮುಗಿಸುತ್ತವೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ಅಂದರೆ ರೋಹಿತ ನೋಡಿಯೇ ಅದು ಗೊತ್ತಾಗಬೇಕು. ಒಟ್ಟು ನಾಲ್ಕು! ಆ ನೀಲಿಯನ್ನು ಒಡೆಯುವುದು ನನ್ನ ಆರು ಇಂಚಿಗೆ ಆಗದ ಮಾತು, ನಾನು ಪ್ರಯತ್ನವನ್ನೂ ಮಾಡಲಿಲ್ಲ.

ಅಮ್ಮನನ್ನು ಕರೆದೆ. ಮೊಣಕಾಲು ನೋವೆಂದು ಗೊಣಗುತ್ತಲೇ ಮೆಟ್ಟಿಲು ಹತ್ತಿ ಬಂದರು.

“ಅಯ್ಯೋ, ಎಷ್ಟು ನೀಲಿ ಕಣೋ! ಮೂಗುಬೊಟ್ಟಿನ ಹರಳಿನ ಥರ.”

ನನಗೆ ಅಷ್ಟು ನೀಲಿ ಕಂಡಿರಲಿಲ್ಲ. ಹೆಚ್ಚೆಂದರೆ ನೀಲಿ ಬೆರೆತ ಬಿಳಿ. ಆಮೇಲೆ ಹೊಳೆಯಿತು. ಅಮ್ಮನಿಗೆ ಹೋದ ವರ್ಷ ಪೊರೆಯ ಆಪರೇಷನ್ ಆಗಿದೆ. ವಯಸ್ಸಾದಂತೆ ಹಳದಿಗಟ್ಟುವ ಕಣ್ಣಿನ ಮಸೂರ ನೀಲಿ ಬೆಳಕನ್ನು ತಡೆಯುತ್ತದೆ. ಅವರಿಗೆ ಅದನ್ನು ತೆಗೆದು ಹೊಸದು ಹಾಕಿದ್ದಾರೆ, ನನ್ನದು ಐವತ್ತು ವರ್ಷ ಹಳೆಯದು. ಈಗ ಬಣ್ಣದ ವಿಷಯದಲ್ಲಿ ಅನುಮಾನ ಬಂದರೆ ಅಮ್ಮನನ್ನೇ ಕೇಳುತ್ತೇನೆ.