ಎಸೆಯಲು ಇಟ್ಟಿದ್ದ ಟ್ಯೂಬು

ನಾನು ಕೆಲಸಕ್ಕಿದ್ದ ಮಂಗಳೂರಿನ ಲ್ಯಾಬಿನಲ್ಲಿ ಒಂದು ರಬ್ಬರ್ ಸ್ಟಾಂಪ್ ಇತ್ತು: ‘ಲಿಪೀಮಿಕ್, ಪುನಃ ಕಳುಹಿಸಿ’. ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವ ದ್ರವ, ಅಂದರೆ ಪ್ಲಾಸ್ಮಾ, ಒಣಹುಲ್ಲಿನ ಬಣ್ಣದಲ್ಲಿ ತಿಳಿಯಾಗಿರಬೇಕು. ಕೊಬ್ಬು ತುಂಬಿ ಮಬ್ಬಾಗಿದ್ದರೆ ಯಂತ್ರಕ್ಕೆ ಕಣ್ಣು ಕತ್ತಲೆ. ಸೋಡಿಯಂ ಇರುವುದಕ್ಕಿಂತ ಕಡಿಮೆ, ಹಿಮೋಗ್ಲೋಬಿನ್ ಇರುವುದಕ್ಕಿಂತ ಜಾಸ್ತಿ ಎಂದು ತೋರಿಸುತ್ತದೆ. ಹಾಗಾಗಿ ಸ್ಟಾಂಪ್ ಒತ್ತಿ, ಟ್ಯೂಬನ್ನು ಬಕೆಟ್ಟಿಗೆ ಹಾಕುವುದು ವಾಡಿಕೆ. ವರ್ಷಗಟ್ಟಲೆ ನಾನೂ ಹಾಗೇ ಮಾಡಿದವಳು.

2004ರ ಜುಲೈ. ಹೊರಗೆ ಬಿಡದ ಮಳೆ. ಬಂಟ್ವಾಳದ ಕಡೆಯ ನಲವತ್ತು ದಿನದ ಗಂಡುಮಗು, ಜ್ವರ ಎಂದು ತಂದಿದ್ದರು. ರಕ್ತ ತೆಗೆದ ನರ್ಸಿಗೇ ಗಾಬರಿ, ತನ್ನ ಕೈತಪ್ಪೋ ಏನೋ ಎಂದು. ಟೆಕ್ನಿಷಿಯನ್ ಟ್ಯೂಬನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದ. “ಮೇಡಂ, ಉಂದು ನೆತ್ತೆರ್ ಅತ್ತ್, ಪೇರ್.” ರಕ್ತವಲ್ಲ, ಹಾಲು. ನೋಡಲು ಸ್ಟ್ರಾಬೆರಿ ಮಿಲ್ಕ್‌ಶೇಕಿನ ಹಾಗೇ ಇತ್ತು. ಸ್ಟಾಂಪ್ ಅವನ ಕೈಯಲ್ಲಿತ್ತು. ಯಾಕೆಂದು ಗೊತ್ತಿಲ್ಲ, ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ಹಾಕಿಸಿ ಫ್ರಿಜ್ಜಿನಲ್ಲಿ ಇಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಮೇಲೆ ಕೆನೆಯ ಪದರ. ಕೆಳಗೆ ಕನ್ನಡಿಯಂಥ ತಿಳಿ.

ಇದು ತುಂಬ ಹಳೆಯ ಪರೀಕ್ಷೆ. 1967ರಲ್ಲಿ ಡೊನಾಲ್ಡ್ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು ರಕ್ತದ ಕೊಬ್ಬಿನ ಕಾಯಿಲೆಗಳನ್ನು ಐದು ಬಗೆಯಾಗಿ ವಿಂಗಡಿಸಿದಾಗ ಇದೂ ಒಂದು ಆಧಾರವಾಗಿತ್ತು. ನಾಲ್ಕು ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ ಊಟದ ಕೊಬ್ಬನ್ನು ಹೊತ್ತ ದೊಡ್ಡ ಕಣಗಳು, ಅಂದರೆ ಕೈಲೋಮೈಕ್ರಾನ್‌ಗಳು, ಹಗುರವಾದ್ದರಿಂದ ತೇಲಿ ಕೆನೆಗಟ್ಟುತ್ತವೆ. ಸಕ್ಕರೆ ಕಾಯಿಲೆ ಕೈಮೀರಿದವರಲ್ಲಿ, ಕುಡಿತದವರಲ್ಲಿ ಕೆನೆಯೂ ಇರುತ್ತದೆ, ಕೆಳಗಿನ ದ್ರವವೂ ಮಬ್ಬಾಗಿಯೇ ಇರುತ್ತದೆ. ಮೇಲೆ ಕೆನೆ, ಕೆಳಗೆ ತಿಳಿ ಎಂದರೆ ಟೈಪ್ 1. ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರಬಹುದಾದ ಕಾಯಿಲೆ. ಖರ್ಚು? ಒಂದು ಟ್ಯೂಬು, ಒಂದು ಫ್ರಿಜ್ಜು. ಟ್ರೈಗ್ಲಿಸರೈಡ್ ಅಳೆಯಲು ಸಲೈನ್ ಬೆರೆಸಿ ಹತ್ತು ಪಟ್ಟು ತೆಳು ಮಾಡಬೇಕಾಯಿತು. 150ರೊಳಗೆ ಇರಬೇಕಾದದ್ದು 4,000 ದಾಟಿತ್ತು.

ಅಷ್ಟರವರೆಗೆ ನನ್ನ ಸಂಶೋಧನೆ ಎಂದರೆ ಇಲಿಗಳು. ಮಣಿಪಾಲದಲ್ಲಿ ಪಿಎಚ್‌ಡಿ ಮಾಡುವಾಗ ಐದು ವರ್ಷ ಇಲಿಯ ಲಿವರ್ ಅರೆದು, 1957ರ ಫೋಲ್ಚ್ ವಿಧಾನದಂತೆ ಎರಡು ಪಾಲು ಕ್ಲೋರೋಫಾರ್ಮಿಗೆ ಒಂದು ಪಾಲು ಮೆಥನಾಲ್ ಹಾಕಿ ಕೊಬ್ಬು ತೆಗೆದೆ. ಸಿಕ್ಕಿದ್ದು ಪದವಿ ಮತ್ತು ತಲೆನೋವು. ಕರಾವಳಿಯ ಮಳೆಗಾಲದಲ್ಲಿ ಸಿಲಿಕಾ ಪ್ಲೇಟುಗಳು ಗಾಳಿಯ ತೇವ ಕುಡಿದು ಕೊಬ್ಬುಗಳನ್ನು ಬೇರ್ಪಡಿಸಲು ಒಪ್ಪುವುದಿಲ್ಲ. ಓವನ್ನಿನಲ್ಲಿ 110 ಡಿಗ್ರಿಗೆ ಒಂದು ಗಂಟೆ ಕಾಯಿಸಿ, ಬಿಸಿ ಆರುವಷ್ಟರಲ್ಲಿ ಸ್ಯಾಂಪಲ್ ಹಾಕಿಬಿಡಬೇಕು. ಹಪ್ಪಳ ಒಣಗಿಸುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಮಗುವಿನ ರಕ್ತದಲ್ಲಿ ಆಗುತ್ತಿದ್ದುದು ಇಷ್ಟು. ತಾಯಿಯ ಹಾಲಿನ ಶಕ್ತಿಯಲ್ಲಿ ಅರ್ಧದಷ್ಟು ಕೊಬ್ಬಿನದು. ಕರುಳು ಆ ಕೊಬ್ಬನ್ನು ಕೈಲೋಮೈಕ್ರಾನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಸಣ್ಣ ರಕ್ತನಾಳಗಳ ಒಳಗೋಡೆಯಲ್ಲಿ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅದನ್ನು ಒಡೆದು ಸ್ನಾಯುವಿಗೂ ಕೊಬ್ಬಿನ ಕೋಶಗಳಿಗೂ ಹಂಚುತ್ತದೆ. ಕಿಣ್ವ ಕೈಕೊಟ್ಟರೆ ಲಾರಿಗಳು ಇಳಿಸಲು ಜನವಿಲ್ಲದೆ ಸಾಲುಗಟ್ಟಿ ನಿಂತ ಹಾಗೆ. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇರುವುದು ಇಲ್ಲಿಯೇ. ಜೀವಕ್ಕೇ ಸಂಚಕಾರ.

ಕಿಣ್ವ ಉಂಟೋ ಇಲ್ಲವೋ ನೋಡಲು ಹೆಪರಿನ್ ಬೇಕು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು. ಊಟ ಮಾಡಿದ ನಾಯಿಗೆ ಹೆಪರಿನ್ ಕೊಟ್ಟಾಗ ಮಬ್ಬು ಪ್ಲಾಸ್ಮಾ ತಿಳಿಯಾದದ್ದನ್ನು 1943ರಲ್ಲಿ ಪಾಲ್ ಹಾನ್ ಗಮನಿಸಿದ್ದರು. ಹೆಪರಿನ್ ಗೋಡೆಗೆ ಅಂಟಿದ ಕಿಣ್ವವನ್ನು ಕಿತ್ತು ರಕ್ತಕ್ಕೆ ತರುತ್ತದೆ. ಮಗುವಿಗೆ ಒಂದು ವರ್ಷ ತುಂಬಿದ ಮೇಲೆ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಮಕ್ಕಳ ವೈದ್ಯರು ಪಕ್ಕದಲ್ಲೇ ನಿಂತಿರಲು ಈ ಪರೀಕ್ಷೆ ಮಾಡಿದೆವು. ತಂದೆತಾಯಿಗೂ ಮಾಡಿದೆವು. ಲಿವರಿನ ಇನ್ನೊಂದು ಲೈಪೇಸೂ ಜೊತೆಗೇ ಬರುತ್ತದೆ. ಗಟ್ಟಿ ಉಪ್ಪುನೀರಿನಲ್ಲಿ ನಮಗೆ ಬೇಕಾದ ಕಿಣ್ವ ಸುಮ್ಮನಾಗುತ್ತದೆ, ಲಿವರಿನದು ಕೆಲಸ ಮಾಡುತ್ತಲೇ ಇರುತ್ತದೆ. ಆ ವ್ಯತ್ಯಾಸವೇ ಉತ್ತರ. ಮಗುವಿನಲ್ಲಿ ವ್ಯತ್ಯಾಸ ಸೊನ್ನೆಯ ಹತ್ತಿರ.

ಸಿಕ್ಕಿತು ಎಂದು ಬೀಗಿದೆ. ಇನ್ನು ಆ ಕಿಣ್ವದ ಜೀನ್ ಓದಿ ತಪ್ಪು ಎಲ್ಲಿ ಎಂದು ತೋರಿಸಿದರೆ ಮುಗಿಯಿತಲ್ಲ. ಜೀನಿನ ಹತ್ತು ತುಣುಕುಗಳು, ಅಂದರೆ ಎಕ್ಸಾನ್‌ಗಳು. ಒಂದೊಂದನ್ನೇ ಪಿಸಿಆರ್ ಮಾಡಿ, ಅಂದರೆ ನಕಲು ಹೆಚ್ಚಿಸಿ, ಓದಿಸಿದೆ. ಹತ್ತೂ ಸರಿ. ಮತ್ತೆ ಓದಿಸಿದೆ. ಹತ್ತೂ ಸರಿಯೇ. ಜೀನ್ ಸರಿಯಾಗಿದ್ದೂ ಕಿಣ್ವ ಇಲ್ಲ! ಒಂದು ಸಮ್ಮೇಳನದಲ್ಲಿ ಇದನ್ನು ಪೋಸ್ಟರ್ ಮಾಡಿ ನಿಂತಾಗ ಹಿರಿಯರೊಬ್ಬರು “ಸ್ಯಾಂಪಲ್ ಅದಲು ಬದಲಾಗಿಲ್ಲ ತಾನೇ?” ಎಂದು ಕೇಳಿ ಚಹಾಕ್ಕೆ ಹೋದರು. ಆ ರಾತ್ರಿ ನನಗೂ ಅದೇ ಸಂಶಯ.

ಈ ನಡುವೆ ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಈ ಕಾಯಿಲೆಗೆ ಊಟದ ಪಥ್ಯವೇ ಮದ್ದು. ದಿನದ ಶಕ್ತಿಯಲ್ಲಿ ಕೊಬ್ಬಿನ ಪಾಲು ನೂರಕ್ಕೆ 10ರಿಂದ 15ರ ಒಳಗೆ ಇರಬೇಕು. ಅದಕ್ಕಾಗಿಯೇ ಎಂಸಿಟಿ ಎಣ್ಣೆ ಕೊಡುತ್ತಾರೆ. ಅದರಲ್ಲಿರುವ ಎಂಟು, ಹತ್ತು ಇಂಗಾಲದ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳು ಕೈಲೋಮೈಕ್ರಾನ್ ಹತ್ತದೆ ನೇರ ಲಿವರಿಗೆ ಹೋಗುತ್ತವೆ. ಡಬ್ಬಿ ದುಬಾರಿ, ತರಿಸಿದರೂ ತಡ. ಮಗುವಿನ ಅಜ್ಜಿ ನನ್ನನ್ನು ಕೇಳಿದರು, “ಇದನ್ನು ಯಾವುದರಿಂದ ಮಾಡುವುದು ಡಾಕ್ಟ್ರೇ?” ನಾನು ಮಾತ್ರೆ ಬರೆಯುವ ಡಾಕ್ಟರಲ್ಲ, ಆದರೂ ಡಾಕ್ಟ್ರೇ. ಪೈಪೆಟ್ಟಿನಿಂದ ಕಣ್ಣೆತ್ತದೆ ಹೇಳಿದೆ, “ತೆಂಗಿನೆಣ್ಣೆಯಿಂದಲೇ ಅಜ್ಜಿ.”

ಅಷ್ಟು ಸಾಕಾಯಿತು. ತೋಟದ ಕೊಬ್ಬರಿ, ಗಾಣದ ಎಣ್ಣೆ, ಮನೆಯಲ್ಲೇ ಧಾರಾಳ ಇರುವಾಗ ಡಬ್ಬಿ ಯಾಕೆ? ಗಂಜಿಗೆ ಎರಡು ಚಮಚ, ಪಲ್ಯಕ್ಕೆ ಎರಡು ಚಮಚ. ಮೂರನೇ ವಾರ ಮಗುವಿಗೆ ಹೊಟ್ಟೆನೋವು, ವಾಂತಿ. ನಾಲ್ಕು ದಿನ ಬಾಯಿಗೆ ನೀರೂ ಕೊಡದೆ ಡ್ರಿಪ್ಪಿನಲ್ಲಿ ಇಟ್ಟರು. ಅಜ್ಜಿ ಹೇಳಿದಾಗಲೇ ನನಗೆ ಗೊತ್ತಾದದ್ದು. ತೆಂಗಿನೆಣ್ಣೆಯಿಂದ ಎಂಸಿಟಿಯನ್ನು ಬೇರ್ಪಡಿಸಿ ತೆಗೆಯುತ್ತಾರೆ, ನಿಜ. ಆದರೆ ಎಣ್ಣೆಯಲ್ಲಿ ಎಂಟು, ಹತ್ತು ಇಂಗಾಲದವು ಸೇರಿ ನೂರಕ್ಕೆ ಸುಮಾರು 15 ಮಾತ್ರ. ಅರ್ಧದಷ್ಟು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ. ಅದರಲ್ಲಿ ಬಹುಪಾಲು, ಉಳಿದ ಉದ್ದ ಸರಪಳಿಗಳ ಜೊತೆ, ಕೈಲೋಮೈಕ್ರಾನ್ ಹತ್ತಿಯೇ ಬರುತ್ತದೆ. ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿ ಹೀಗೆ ಅರ್ಧ ಉತ್ತರ ಬರೆದಿದ್ದರೆ ನಾನೇ ಅಂಕ ಕಳೆಯುತ್ತಿದ್ದೆ. ಅಂದಿನಿಂದ ಊಟದ ವಿಷಯ ಯಾರಿಗೂ ನಿಂತಲ್ಲೇ ಹೇಳುವುದಿಲ್ಲ. ಚಮಚದ ಲೆಕ್ಕದಲ್ಲಿ, ಕನ್ನಡದಲ್ಲಿ ಬರೆದು ಕೊಡುತ್ತೇನೆ.

2006ರ ಮಳೆಗಾಲದಲ್ಲಿ ಸಿಡಿಲು ಬಡಿದು ಮೈನಸ್ 80 ಫ್ರೀಜರ್ ನಿಂತಿತು. ಒಣ ಮಂಜುಗಡ್ಡೆ ಊರಲ್ಲಿ ಸಿಗಲಿಲ್ಲ. ಮೀನಿನ ದೋಣಿಗಳು ನಿಲ್ಲುವ ಧಕ್ಕೆಗೆ ಹೋಗಿ, ಬಂಗುಡೆಯ ವಾಸನೆಯ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮೀನಿನ ಐಸ್ ತುಂಬಿಸಿ ತಂದೆವು. ಮೀನಿನ ಐಸಿಗೆ ಪ್ಲಾಸ್ಮಾ ಉಳಿಯುವುದಿಲ್ಲ. ಹೆಪರಿನ್ ಸ್ಯಾಂಪಲ್‌ಗಳೆಲ್ಲ ಹಾಳಾದವು. ಆದರೆ ಡಿಎನ್‌ಎ ಅಷ್ಟು ನಾಜೂಕಿನದಲ್ಲ, ಉಳಿಯಿತು. ನಮ್ಮ ಅದೃಷ್ಟ.

ಯಾಕೆಂದರೆ 2007ರಲ್ಲಿ ಲಾಸ್ ಏಂಜಲೀಸಿನ ಸ್ಟೀಫನ್ ಯಂಗ್ ಅವರ ಗುಂಪಿನಿಂದ ಒಂದು ಪ್ರಬಂಧ ಬಂತು. ಜಿಪಿಐಎಚ್‌ಬಿಪಿ1 ಎಂಬ ಪ್ರೋಟೀನ್ ಇಲ್ಲದ ಇಲಿಗಳ ಪ್ಲಾಸ್ಮಾ ಹಾಲಿನಂತೆ! ಆ ಪ್ರೋಟೀನಿನ ಕೆಲಸ ಮುಂದಿನ ವರ್ಷಗಳಲ್ಲಿ ಇನ್ನೂ ಸ್ಪಷ್ಟವಾಯಿತು. ಕಿಣ್ವ ಹುಟ್ಟುವುದು ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ, ಕೆಲಸ ಮಾಡುವುದು ರಕ್ತನಾಳದ ಒಳಗೆ. ದಾಟಿಸುವ ಅಂಬಿಗ ಈ ಪ್ರೋಟೀನ್. ನಮ್ಮ ಮಗುವಿನಲ್ಲಿ ಕಿಣ್ವ ಇತ್ತು, ಆಚೆ ದಡದಲ್ಲಿ ಕುಳಿತಿತ್ತು. ಹೆಪರಿನ್‌ಗೆ ಕೀಳಲು ಗೋಡೆಯ ಮೇಲೆ ಏನೂ ಇರಲಿಲ್ಲ. ನನ್ನ ಪರೀಕ್ಷೆ ಸುಳ್ಳು ಹೇಳಿರಲಿಲ್ಲ, ನಾನು ಅದಕ್ಕೆ ಒಂದೇ ಅರ್ಥ ಕೊಟ್ಟಿದ್ದೆ.

ಈ ಪ್ರೋಟೀನಿನ ಜೀನಿಗೆ ನಾಲ್ಕೇ ಎಕ್ಸಾನ್‌ಗಳು. ಆದರೂ ಪಿಸಿಆರ್ ಎರಡು ತಿಂಗಳು ಹಠ ಮಾಡಿತು, ಡಿಎಂಎಸ್‌ಒ ಎಂಬ ದ್ರಾವಕ ಸ್ವಲ್ಪ ಸೇರಿಸಿದ ಮೇಲೆ ಒಲಿಯಿತು. ಒಂದು ಸಿಸ್ಟೀನ್ ಇರಬೇಕಾದ ಜಾಗದಲ್ಲಿ ಬೇರೆ ಅಮೈನೋ ಆಮ್ಲ. ಮಗುವಿನ ಎರಡೂ ಪ್ರತಿಗಳಲ್ಲಿ ಅದೇ ತಪ್ಪು, ತಾಯಿಯಲ್ಲಿ ಒಂದು, ತಂದೆಯಲ್ಲಿ ಒಂದು.

ಎರಡೂ ಕಡೆ ಒಂದೇ ಅಕ್ಷರ ತಪ್ಪಿದೆ ಎಂದರೆ ಹಿಂದೆ ಎಲ್ಲೋ ಒಂದೇ ಮನೆ. ಆದರೆ ಸಂಬಂಧದಲ್ಲಿ ಮದುವೆ ಆಗಿದ್ದೀರಾ ಎಂದು ಮೊದಲ ದಿನವೇ ಕೇಳಿದ್ದೆ, ಇಲ್ಲ ಎಂದಿದ್ದರು. ಕೊನೆಗೆ ಕುಟುಂಬದ ಮೂಲಮನೆಯಾದ ತರವಾಡು ಮನೆಗೆ, ದೈವಗಳಿಗೆ ತಂಬಿಲದ ಸೇವೆ ನಡೆಯುವ ದಿನ ಹೋದೆ. ಎಲ್ಲರೂ ಸೇರುವ ದಿನ ಅದೊಂದೇ. ಅಂಗಳದ ಮೂಲೆಯಲ್ಲಿ ಅಜ್ಜಿಯ ಪಕ್ಕ ಕುಳಿತು ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಹಾಕಿ ವಂಶವೃಕ್ಷ ಬರೆಯುತ್ತಾ ಹೋದೆ. ಮಗುವಿನ ತಾಯಿಯನ್ನು ಕೊಟ್ಟದ್ದು ಅವಳ ಸೋದರಮಾವನ ಮಗನಿಗೇ! ನಾನು ಪೆನ್ನು ಇಳಿಸಿದೆ. ಅಜ್ಜಿಗೆ ನನ್ನ ಮುಖ ನೋಡಿ ಸಿಟ್ಟು. “ಬರಿ ಬೇರೆ ಬೇರೆ ಉಂಟು ಡಾಕ್ಟ್ರೇ. ನೋಡಿಯೇ ಮಾಡಿದ್ದು.”

ಅವರ ಲೆಕ್ಕ ತಪ್ಪಲ್ಲ. ಬರಿ ಎಂದರೆ ತುಳುವರಲ್ಲಿ ಗೋತ್ರದಂಥ ಕುಲ. ಹೆಣ್ಣಿನ ಕಡೆಯಿಂದ ವಂಶ ಹಿಡಿಯುವ ಅಳಿಯಕಟ್ಟಿನಲ್ಲಿ ಅದು ತಾಯಿಯಿಂದ ಬರುತ್ತದೆ. ಅಕ್ಕನ ಮಗಳಿಗೆ ಅಕ್ಕನ ಬರಿ, ತಮ್ಮನ ಮಗನಿಗೆ ಅವನ ಹೆಂಡತಿಯ ಬರಿ. ಹೊರಗಿನವರೇ ಆದರು. ಒಂದೇ ಬರಿಯವರನ್ನು ಮದುವೆ ಮಾಡುವುದಿಲ್ಲ ಎಂಬ ಕಟ್ಟು ಎಷ್ಟೋ ಹತ್ತಿರದ ಮದುವೆಗಳನ್ನು ತಡೆದಿದೆ ಎಂಬುದನ್ನೂ ಒಪ್ಪಬೇಕು. ಆದರೆ ಜೀನ್ ತಾಯಿಯ ದಾರಿ ಮಾತ್ರ ಹಿಡಿಯುವುದಿಲ್ಲ. ಆ ಅಕ್ಕನಿಗೂ ತಮ್ಮನಿಗೂ ಹೆತ್ತವರು ಒಬ್ಬರೇ. ಅವರಲ್ಲಿ ಒಬ್ಬರ ತಪ್ಪಕ್ಷರ ಎರಡು ದಾರಿಯಲ್ಲಿ ಇಳಿದು ಈ ಮಗುವಿನಲ್ಲಿ ಸೇರಿತು. ಇದನ್ನು ಹೇಳುವಾಗ “ಯಾರ ಕಡೆಯಿಂದ ಬಂದದ್ದು?” ಎಂದು ಸೊಸೆಯ ಕಡೆ ನೋಡಿಯೇ ಕೇಳುತ್ತಾರೆ. ಎರಡೂ ಕಡೆಯಿಂದ, ಸರಿಸಮ ಎಂದು ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಂಗಿಯ ಎರಡು ಮಕ್ಕಳು ಹೊಟ್ಟೆನೋವಿನಲ್ಲಿ ಹೋದದ್ದನ್ನು ಹೇಳಿದರು. ನನ್ನ ಹಾಳೆಯಲ್ಲಿ ಎರಡು ಚೌಕಗಳ ಮೇಲೆ ಗೆರೆ ಎಳೆದೆ.

ಆಮೇಲೆ ಇಂಥ ಕುಟುಂಬಗಳು ಇನ್ನೂ ಬಂದವು, ಪ್ರಬಂಧಗಳಾದವು, ಬಡ್ತಿಯಾಯಿತು. 2012ರಲ್ಲಿ ಯುರೋಪು ಒಪ್ಪಿದ ಮೊದಲ ಜೀನ್ ಚಿಕಿತ್ಸೆ ಗ್ಲೈಬೆರಾ ಈ ಲೈಪೇಸ್ ಕೊರತೆಗೇ. ಕೊಳ್ಳುವವರಿಲ್ಲದೆ 2017ರಲ್ಲಿ ಅದು ನಿಂತಿತು. ನಮ್ಮ ಹುಡುಗನಿಗೆ ಅದರಿಂದ ಪ್ರಯೋಜನವೂ ಇರಲಿಲ್ಲ, ಅವನ ಲೈಪೇಸ್ ಜೀನ್ ಸರಿಯೇ ಉಂಟಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಮದ್ದು ಒಲೆಜಾರ್ಸೆನ್‌ಗೆ ಒಪ್ಪಿಗೆ ಸಿಕ್ಕಿದೆ. ನಮ್ಮ ಹುಡುಗನ ಮದ್ದು ಈಗಲೂ ಪಥ್ಯವೇ: ಗಂಜಿ, ಉಪ್ಪಿನಕಾಯಿಯ ಎಣ್ಣೆ ಬಸಿದು ಹೋಳು ಮಾತ್ರ, ಮತ್ತೆ ಅಳೆದ ಡಬ್ಬಿ ಎಣ್ಣೆ. ಕೋರಿ ರೊಟ್ಟಿಯಲ್ಲಿ ಅವನದು ರೊಟ್ಟಿ ಮಾತ್ರ. ಇಂಜಿನಿಯರಿಂಗ್ ಓದುತ್ತಿದ್ದಾನೆ.

ಅವನ ಅಕ್ಕನಿಗೆ ಕಳೆದ ವರ್ಷ ಸಂಬಂಧ ನೋಡಲು ಶುರು ಮಾಡಿದರು. ಜಾತಕ ತೋರಿಸುವ ಮೊದಲೇ ಅವಳ ಅಮ್ಮ ನನಗೆ ಫೋನ್ ಮಾಡಿದರು. ಹುಡುಗ ಸೋದರತ್ತೆಯ ಮಗ, ಬರಿ ಬೇರೆ. ಅಕ್ಕನಲ್ಲಿ ಕೆಟ್ಟ ಪ್ರತಿ ಒಂದು ಇದೆ. ಅವಳಿಗೆ ತೊಂದರೆಯಿಲ್ಲ, ವಾಹಕಿ ಅಷ್ಟೆ. ಹುಡುಗನಲ್ಲೂ ಒಂದಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಎರಡು ಎಂಎಲ್ ರಕ್ತ ಸಾಕು, ನಾನೇ ಬಂದು ತೆಗೆಸುತ್ತೇನೆ ಎಂದಿದ್ದೇನೆ. ಹುಡುಗನ ಅಮ್ಮ ಮಳೆ ಬಿಡಲಿ ಎಂದಿದ್ದರು. ಮಳೆ ಬಿಟ್ಟು ಎರಡು ತಿಂಗಳಾಯಿತು, ಟ್ಯೂಬು ಇನ್ನೂ ಬಂದಿಲ್ಲ.

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.)